ಮೊದಲನೇ ಕೂಗು

ಸೈಪ್ರೆಸ್, ಹ್ಯೂಸ್ಟನ್
೨೦ ಮಾರ್ಚ್ ೨೦೧೨

ಚಿ. ಪ್ರಗತಿಗೆ ಅಪ್ಪನ ಆಶೀರ್ವಾದ.

ನಿಮ್ಮವ್ವ ಹೋಗಿ ಏಳು ತಿಂಗಳಾಯಿತು, ನೀನು ನನ್ನ ಹತ್ತಿರ ಮಾತು ಬಿಟ್ಟೂ ಹೆಚ್ಚುಕಡಿಮೆ ಅಷ್ಟೇ ಆಯಿತು. ಡಲ್ಲಾಸಿಗೆ ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಆದ್ದರಿಂದ ಐ ಬೆಗ್ ಟು ಸ್ಟೇಟ್ ಎಂದು ಅಂಚೆಗೆ ಇಳಿದಿದ್ದೇನೆ. ಕಾಗದವನ್ನು ಹರಿದು ಹಾಕಲಿಕ್ಕಾದರೂ ಒಮ್ಮೆ ಕೈಯಲ್ಲಿ ಹಿಡಿಯಬೇಕಾಗುತ್ತದೆ, ಅಷ್ಟು ಸಾಕು ನನಗೆ.

ಗ್ಯಾರೇಜಿನ ರಿಪೇರಿ ಅಂಗಡಿ ನಡೆದಿದೆ. ಹೋದ ವಾರ ಆಸ್ಟಿನ್ನಿನ ಸಂಗೀತದ ಹಬ್ಬಕ್ಕೆ ಬಂದಿದ್ದ ಒಂದು ತಂಡದವರು ನನ್ನನ್ನು ಹುಡುಕಿಕೊಂಡು ಬಂದರು. ಹಾಲೆಂಡಿನವರು, ರಾಟರ್‌ಡ್ಯಾಮ್ ಊರು. ಆದರೆ ತಂದೆತಾಯಿ ಕ್ಯುರಸಾವ್ ಎಂಬ ಕೆರಿಬಿಯನ್ ದ್ವೀಪದಿಂದ ಬಂದವರು. ಎಲ್ವಿನ್ ಗಿಟಾರು ಹಿಡಿದು ಹಾಡುತ್ತಾನೆ, ಅವನ ತಂಗಿ ಮಿರ್ಲಾ ಡ್ರಮ್ಮು. ಇನ್ನಿಬ್ಬರು ವ್ಯಾನಿನಿಂದ ಇಳಿಯಲೇ ಇಲ್ಲ. ತಂಡದ ಹೆಸರು ಕಾಸ್ ಬಾಶಿ. ಅವರ ದ್ವೀಪದ ಭಾಷೆಯಲ್ಲಿ ಹಾಗೆಂದರೆ ಖಾಲಿ ಮನೆಯಂತೆ. ನನ್ನ ಮನೆಯ ಒಳಗೆ ಒಂದು ಸುತ್ತು ಕಣ್ಣಾಡಿಸಿ ಎಲ್ವಿನ್ ಹೇಳಿದ, "ಮಿಸ್ಟರ್ ಇರಾ, ಈ ಹೆಸರು ನಾವು ನಿಮ್ಮನ್ನು ಕೇಳಿ ಇಟ್ಟುಕೊಳ್ಳಬೇಕಿತ್ತು." ಇರಣ್ಣ ಎನ್ನಲು ಅವನ ನಾಲಿಗೆ ತಿರುಗುವುದಿಲ್ಲ.

ಐದು ವರ್ಷದಿಂದ ನೆಲಮಾಳಿಗೆಗಳಲ್ಲಿ, ಮದುವೆಗಳಲ್ಲಿ, ಬಂದರಿನ ಬಾರುಗಳಲ್ಲಿ ಬಾರಿಸುತ್ತ ಬಂದವರು. ಆಸ್ಟಿನ್ನಿನಲ್ಲಿ ಅವರನ್ನು ಕೇಳಲು ಹನ್ನೊಂದು ಜನ ಸೇರಿದ್ದರಂತೆ. "ಅದರಾಗ ಇಬ್ಬರು ಬಾಗಿಲಾ ಕಾಯವರು" ಎಂದು ನಾನು ನಿನಗೆ ಕನ್ನಡದಲ್ಲಿ ಹೇಳುತ್ತಿದ್ದೇನೆ, ಮಿರ್ಲಾ ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

ತಂದದ್ದು ಅವರ ಅಜ್ಜಿಯ ಟೇಪುಗಳನ್ನು. ಎಪ್ಪತ್ತರ ದಶಕದಲ್ಲಿ ಅಂಗಳದಲ್ಲಿ ಕೂತು ಹಾಡಿದ್ದು. ಒಂದು ಡೋಲು, ಒಂದು ಗುದ್ದಲಿಯ ಕಬ್ಬಿಣ, ಮೇಲೆ ಮುದುಕಿಯ ಕೂಗು. ಒಂದು ಕಾಲಕ್ಕೆ ಪಾದ್ರಿಗಳು ಆ ಹಾಡನ್ನು ನಿಷೇಧಿಸಿದ್ದರಂತೆ. ಟೇಪು ಹಳೆಯದಾಗಿ ಅಂಟಂಟಾಗಿತ್ತು. ಅಂಥದ್ದನ್ನು ಹದವಾದ ಶಾಖದಲ್ಲಿ ಎಂಟು ತಾಸು ಕಾಯಿಸಿದರೆ ಕೆಲವು ದಿನ ಮಾತಾಡುತ್ತದೆ. ನಾನು ಅದಕ್ಕೆ ನಿಮ್ಮವ್ವನ ಸಂಡಿಗೆಯ ಯಂತ್ರವನ್ನೇ ಬಳಸಿದೆ. ಹಿತ್ತಿಲಲ್ಲಿ ಸಂಡಿಗೆ ಹಾಕಿದರೆ ಕಾಲನಿಯ ಅಸೋಸಿಯೇಷನ್ನಿನವರು ದಂಡದ ಚೀಟಿ ಅಂಟಿಸುತ್ತಾರೆಂದು ನೀನೇ ತಂದುಕೊಟ್ಟಿದ್ದಿಯಲ್ಲ, ಅದೇ ಡಿಹೈಡ್ರೇಟರು. ತಟ್ಟೆಯ ಮೇಲೆ ಇನ್ನೂ ಜೀರಿಗೆಯ ವಾಸನೆ ಇದೆ.

ಕಾಯುತ್ತ ಕೂತಾಗ ಮಿರ್ಲಾ ಒಂದು ಮಾತು ಹೇಳಿದಳು. ಅವರ ಅಜ್ಜಿ ಕಲಿಸಿದ್ದಂತೆ: ಯಾರಾದರೂ ಒಮ್ಮೆ ಮಾತ್ರ ಕರೆದರೆ ಓ ಎನ್ನಬಾರದು. ನಾನು ಚಹಾದ ಲೋಟ ಕೆಳಗಿಟ್ಟೆ. ನಿಮ್ಮ ಅಜ್ಜಿ, ಅಂದರೆ ನನ್ನವ್ವ, ಧಾರವಾಡದಲ್ಲಿ ಬಾಗಿಲಿನ ಮೇಲೆ ಸುಣ್ಣದಿಂದ 'ನಾಳೆ ಬಾ' ಎಂದು ಬರೆಯುತ್ತಿದ್ದಳು, ನೆನಪಿರಬೇಕು. "ಒಂದ ಸಲ ಕರದ್ರ ಓ ಅನಬ್ಯಾಡೋ ಇರ್ಯಾ. ದೆವ್ವಕ್ಕ ಎರಡನೇ ಸಲ ಕರಿಯಾಕ ಬರೂದಿಲ್ಲ." ಭೂಮಿಯ ಆ ಕಡೆಯ ಮುದುಕಿಗೆ ಇದನ್ನು ಯಾರು ಹೇಳಿದರೋ.

ಹೋಗುವಾಗ, ನನ್ನಲ್ಲಿದ್ದ ಅಳಿಸಿದ ಟೇಪುಗಳ ಡಬ್ಬಿಯನ್ನು ಕೇಳಿದರು, ತಮ್ಮ ಹಾಡನ್ನು ಹಳೆಯ ರೀತಿಯಲ್ಲೇ ಟೇಪಿನ ಮೇಲೆ ಹಿಡಿಯಬೇಕಂತೆ. ಕೊಟ್ಟೆ. ಆ ಡಬ್ಬಿಯ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ,
ಇರಣ್ಣ


ಸೈಪ್ರೆಸ್
೯ ನವೆಂಬರ್ ೨೦೧೩

ಚಿ. ಪ್ರಗತಿಗೆ,

ಉತ್ತರ ಬಂದಿಲ್ಲ; ಪತ್ರಗಳು ಹಿಂದಕ್ಕೂ ಬಂದಿಲ್ಲ. ಹೀಗಾಗಿ ಇದನ್ನು ಅರ್ಧ ಒಪ್ಪಿಗೆ ಎಂದು ತಿಳಿದು ಮುಂದುವರಿಸಿದ್ದೇನೆ.

ಕಾಸ್ ಬಾಶಿಯವರು ಆಸ್ಟಿನ್ನಿನಲ್ಲಿ ಮೂರು ವಾರ ಕೂತು ಆಲ್ಬಮ್ ಮುಗಿಸಿದರು. ಎಲ್ವಿನ್ ಫೋನು ಮಾಡಿದ. "ಮಿಸ್ಟರ್ ಇರಾ, ಟೇಪಿನಲ್ಲಿ ಒಬ್ಬ ಹೆಂಗಸಿದ್ದಾಳೆ, ನೀವು ಬರಬೇಕು." ಬಸ್ಸು ಹಿಡಿದು ಹೋದೆ. ಅಲ್ಲಿ ಕೂತ ಸೌಂಡ್ ಎಂಜಿನಿಯರಿಗೆ, "ಕೈಂಡ್ಲಿ ಪರ್ಮಿಟ್ ಮಿ ಟು ಬಿ ಸೀಟೆಡ್" ಅಂದೆ. ಆ ಹುಡುಗಿ ಎದ್ದು ನಿಂತುಬಿಟ್ಟಳು. ನಮ್ಮ ಕಾಲೇಜಿನ ಇಂಗ್ಲಿಷಿಗೆ ಇನ್ನೂ ಅಷ್ಟು ಮರ್ಯಾದೆ ಇದೆ.

ನಾಲ್ಕನೆಯ ಹಾಡು. ಶುರುವಾಗುವ ಮೊದಲು ಬರೀ ಸರ್ ಎನ್ನುವ ಟೇಪಿನ ಸದ್ದು. ಆ ಸದ್ದಿನ ಒಳಗಿನಿಂದ, ಗೋಡೆಯ ಆಚೆ ಯಾರೋ ಅಡಿಗೆಮನೆಯಲ್ಲಿ ನಿಂತು ಕರೆದಂತೆ, ಒಂದೇ ಒಂದು ಕೂಗು. ಆಮೇಲೆ ಏನೂ ಇಲ್ಲ. ಡೋಲು ಶುರುವಾಗುತ್ತದೆ.

ಇದಕ್ಕೆ ಶಾಸ್ತ್ರವಿದೆ, ಕೇಳು. ಸುತ್ತಿಟ್ಟ ಟೇಪಿನಲ್ಲಿ ಸುತ್ತಿನ ಮೇಲೆ ಸುತ್ತು ಕೂರುತ್ತದೆ. ವರ್ಷಗಟ್ಟಲೆ ಕೂತರೆ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಮೆತ್ತಿಕೊಳ್ಳುತ್ತದೆ. ಆಗ ನಿಜವಾದ ದನಿ ಬರುವ ಒಂದೆರಡು ಸೆಕೆಂಡು ಮೊದಲೇ ಅದರ ನೆರಳು ಮಂದವಾಗಿ ಕೇಳುತ್ತದೆ. ಧಾರವಾಡ ಆಕಾಶವಾಣಿಯಲ್ಲಿ ಟೇಪಿನ ಕಪಾಟು ನನ್ನ ಕೈಯಲ್ಲಿದ್ದಾಗ ಮೊದಲು ಕಲಿತ ಪಾಠವೇ ಅದು: ಕೇಳಿದ ಮೇಲೆ ಹಿಂದಕ್ಕೆ ಸುತ್ತಬೇಡ, ಬಾಲ, ಅಂದರೆ ಟೇಪಿನ ಕೊನೆಯ ತುದಿ, ಹೊರಗಿಟ್ಟೇ ಕಪಾಟಿಗೆ ಸೇರಿಸು. ಆಗ ನೆರಳು ದನಿಯ ಹಿಂದೆ ಬರುತ್ತದೆ, ಮುಂದೆ ಬರುವುದಿಲ್ಲ. ಆಫೀಸಿನಲ್ಲಿ ಸಾವಿರ ಟೇಪು ಹಾಗೆ ಇಟ್ಟವನು ಮನೆಯ ಒಂದು ಟೇಪನ್ನು ಮಾತ್ರ ಅವಸರದಲ್ಲಿ ಹಿಂದಕ್ಕೆ ಸುತ್ತಿ ಇಟ್ಟಿದ್ದೆ. ಇರಲಿ.

ಆದರೆ ನೆರಳಿದ್ದರೆ ಹಿಂದೆಯೇ ಆಳು ಬರಬೇಕು. ಇಲ್ಲಿ ಆಳಿಲ್ಲ. ಅದಕ್ಕೆ ನಾನು ಓದಿದ ಯಾವ ಪುಸ್ತಕದಲ್ಲೂ ಉತ್ತರವಿಲ್ಲ.

"ನಮ್ಮ ಅಜ್ಜಿ" ಎಂದ ಎಲ್ವಿನ್, ಕಣ್ಣೊರೆಸಿಕೊಂಡು. "ಆಲ್ಬಮ್ಮಿನಲ್ಲಿ ಹಾಗೇ ಬಿಡುತ್ತೇವೆ." ಮಿರ್ಲಾ ನನ್ನನ್ನೇ ನೋಡುತ್ತಿದ್ದಳು. "ಇದು ನಮ್ಮ ಭಾಷೆ ಅಲ್ಲ" ಎಂದಳು. ನಾನು ಯಾವ ಭಾಷೆ ಎಂದು ಹೇಳಲಿಲ್ಲ. ಆಯಿತು, ಬಸ್ಸಿನ ಹೊತ್ತಾಯಿತು ಎಂದು ಎದ್ದುಬಂದೆ.

ಡಲ್ಲಾಸಿನಲ್ಲಿ ಡೀಪ್ ಎಲ್ಲಮ್ ಎಂಬ ಬಡಾವಣೆಯಲ್ಲಿ ಮುಂದಿನ ತಿಂಗಳು ಅವರ ಕಾರ್ಯಕ್ರಮವಿದೆ. ನೀನು ಹೋಗಬೇಡ.

ಅಪ್ಪ


ಅರ್ವಿಂಗ್, ಡಲ್ಲಾಸ್
೨ ಫೆಬ್ರವರಿ ೨೦೧೫

ಅಪ್ಪಾ,

ನಿಮ್ಮ ಎಲ್ಲ ಪತ್ರಗಳನ್ನೂ ಓದಿದ್ದೇನೆ. ಉತ್ತರ ಬರೆಯದಿದ್ದದ್ದು ಬೇರೆ ಮಾತು.

ಈ ದಿನ ಲಾಸ್ ಕೊಲಿನಾಸಿನಲ್ಲಿ ಆಫೀಸಿಗೆ ಹೋಗುತ್ತ ಕಾರಿನಲ್ಲಿ ರೇಡಿಯೋ ಹಚ್ಚಿದ್ದೆ. ಡಚ್ ಬ್ಯಾಂಡ್ ಒಂದರ ಹಾಡು, ಈಗ ಎಲ್ಲರೂ ಕೇಳುತ್ತಿರುವುದು ಎಂದು ಹೇಳಿ ಹಾಕಿದರು. ಹಾಡಿಗಿಂತ ಮೊದಲು ಅವ್ವ ಕರೆದಳು. "ಏನ್ರೀ."

ನಿಮ್ಮನ್ನು ಕರೆಯುವಾಗ ಆ ಕೊನೆಯ 'ರೀ' ಎಳೆಯುತ್ತಿದ್ದಳಲ್ಲ, ಹಾಗೆಯೇ. ಹೆದ್ದಾರಿಯ ಪಕ್ಕಕ್ಕೆ ಕಾರು ನಿಲ್ಲಿಸಿ ನಲವತ್ತು ನಿಮಿಷ ಕೂತೆ. ನನ್ನ ಹಿಂದೆ ಪೊಲೀಸಿನವನು ಬಂದು ನಿಂತು, ಮೇಡಂ, ಆರ್ ಯು ಓಕೆ ಅಂದ.

ಅವ್ವನ ದಿನಕರ್ಮ ಮುಗಿದ ದಿನ ನಾನು ನಿಮ್ಮನ್ನು ಒಂದೇ ವಸ್ತು ಕೇಳಿದೆ. ನನಗೆ ಎರಡು ವರ್ಷವಿದ್ದಾಗ ನನ್ನನ್ನು ಮಲಗಿಸುತ್ತ ಅವ್ವ ಹಾಡಿದ ಟೇಪು. ಸೀರೆ ಬೇಡ, ಬಂಗಾರ ಬೇಡ, ಅದಷ್ಟು ಕೊಡಿ ಎಂದೆ. ಕಳೆದುಹೋಗಿದೆ ಎಂದಿರಿ. ಕಳೆದುಹೋದದ್ದು ಒಂದು ಡಚ್ ಬ್ಯಾಂಡಿನ ಹಾಡಿನಲ್ಲಿ ಹೇಗೆ ಬಂತು?

ಶಾಸ್ತ್ರ ಹೇಳಬೇಡಿ. ಕಾಲೇಜಿನ ಇಂಗ್ಲಿಷೂ ಬೇಡ. ಫೋನು ಮಾಡಬೇಕೆಂದಿದ್ದೆ, ನೀವು ಮೊದಲನೇ ಸಲಕ್ಕೆ ಎಂದೂ ಎತ್ತುವುದಿಲ್ಲ, ಕಟ್ ಆಗಿ ಎರಡನೇ ಸಲ ಬಂದರೆ ಮಾತ್ರ ಎತ್ತುತ್ತೀರಿ. ಎರಡನೇ ಸಲ ಮಾಡುವಷ್ಟು ತಾಳ್ಮೆ ನನಗೆ ಉಳಿದಿಲ್ಲ.

ಪ್ರಗತಿ


ಸೈಪ್ರೆಸ್
೧೫ ಮಾರ್ಚ್ ೨೦೧೫

ಚಿ. ಪ್ರಗತಿಗೆ,

ನಿನ್ನ ಅಕ್ಷರ ಇನ್ನೂ ಹಾಗೇ ದುಂಡಗಿದೆ. ಪತ್ರವನ್ನು ಟೀವಿಯ ಮೇಲೆ ಇಟ್ಟಿದ್ದೇನೆ.

ಕೇಳಿದ್ದಕ್ಕೆ ಉತ್ತರ ಬರೆಯಲು ಕೂತು ನಾಲ್ಕು ಹಾಳೆ ಹರಿದೆ. ಡ್ಯೂ ಟು ಅನವಾಯ್ಡೆಬಲ್ ಸರ್ಕಮ್‌ಸ್ಟನ್ಸಸ್. ಅದರ ಬದಲು ನೋಡಿದ್ದನ್ನು ಬರೆಯುತ್ತೇನೆ.

ಕಾಸ್ ಬಾಶಿ ಈಗ ದೊಡ್ಡ ಹೆಸರು. ಹನ್ನೊಂದು ಜನರ ಬಾರು ಹೋಗಿ ಎರಡು ಸಾವಿರ ಜನರ ಸಭಾಂಗಣಗಳು. ವ್ಯಾನು ಹೋಗಿ ಮಲಗುವ ಬಸ್ಸು. ಹೋದ ವಾರ ಡಲ್ಲಾಸಿನಲ್ಲಿ ಬಾರಿಸಿದರು, ನನ್ನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಹೌದು, ನಿನ್ನ ಊರಿಗೆ ಬಂದಿದ್ದೆ. ನಿನ್ನ ಬೀದಿಯವರೆಗೂ ಟ್ಯಾಕ್ಸಿಯಲ್ಲಿ ಬಂದೆ. ನಿಮ್ಮ ಮನೆಯ ಕಿಟಕಿಯಲ್ಲಿ ತುಳಸಿ ಕುಂಡ ಕಂಡಿತು. "ಇಳೀತಿರೇನು" ಎಂದು ಟ್ಯಾಕ್ಸಿಯವನು ಹಿಂದಿಯಲ್ಲಿ ಕೇಳಿದ. ಇಲ್ಲ, ತಿರುಗಿಸು ಎಂದೆ.

ನಾಲ್ಕನೆಯ ಹಾಡು ಬಂದಾಗ ಎಲ್ವಿನ್ ಕೈ ಎತ್ತಿದ, ಸಭೆಯೆಲ್ಲ ಸುಮ್ಮನಾಯಿತು. ವೇದಿಕೆಯ ಮೇಲೆ ಟೇಪು ಇಲ್ಲ ಮಗಳೇ. ನಾನೇ ಹಿಂದೆ ಹೋಗಿ ಒಂದೊಂದು ವೈರೂ ನೋಡಿ ಬಂದಿದ್ದೆ. ಬರೀ ಗಿಟಾರು, ಆಂಪ್ಲಿಫೈಯರು. ಆ ನಿಶ್ಶಬ್ದದಲ್ಲಿ ಅದು ಬಂತು. ಎರಡು ಸಾವಿರ ಜನ ಒಟ್ಟಿಗೆ ಕತ್ತು ಹೊರಳಿಸಿ ಹಿಂದಕ್ಕೆ ನೋಡಿದರು. ತಮ್ಮ ತಮ್ಮ ಮನೆಯವರು ಕರೆದರೇನೋ ಎಂಬಂತೆ. ಒಬ್ಬನೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಆಟ ಮುಗಿದ ಮೇಲೆ ಮಿರ್ಲಾ ನನ್ನ ಪಕ್ಕ ಬಂದು ಕೂತಳು. "ದಿನಾ ಕರೆಯುತ್ತಾಳೆ. ಅವಳಿಗೆ ಏನು ಬೇಕು ಮಿಸ್ಟರ್ ಇರಾ?"

"ಐ ಹ್ಯಾವ್ ನೋ ಐಡಿಯಾ" ಎಂದೆ. ಎಷ್ಟು ವ್ಯಾಕರಣಶುದ್ಧ ಸುಳ್ಳು ಅದು.

ಅಪ್ಪ


ಅರ್ವಿಂಗ್
೩೦ ಮಾರ್ಚ್ ೨೦೧೫

ಅಪ್ಪಾ,

ನೀವು ನನ್ನ ಬೀದಿಯವರೆಗೆ ಬಂದು ತಿರುಗಿ ಹೋದಿರಿ. ನಿಮ್ಮ ಪತ್ರವೂ ಹಾಗೇ ಇದೆ.

ಟೇಪಿಗೆ ಏನಾಯಿತು ಎಂಬುದನ್ನು ಬರೆಯುವಿರಾದರೆ ಬರೆಯಿರಿ. ಇಲ್ಲದಿದ್ದರೆ ಆ ಬ್ಯಾಂಡಿನ ಸುದ್ದಿ ನನಗೆ ಬೇಡ.

ಪ್ರಗತಿ


ಸೈಪ್ರೆಸ್
೧೮ ಸೆಪ್ಟೆಂಬರ್ ೨೦೧೭

ಪ್ರಗತಿ,

ಎರಡೂವರೆ ವರ್ಷ ಬರೆಯಲಿಲ್ಲ. ಚಂಡಮಾರುತದ ವಾರದಲ್ಲಿ ನೀನು ಗುಡಿಯವರ ಮೂಲಕ ನನ್ನ ಕ್ಷೇಮ ವಿಚಾರಿಸಿದೆಯೆಂದು ಪೇರ್‌ಲ್ಯಾಂಡಿನ ವಿಜಯಮ್ಮ ಹೇಳಿದರು. ಬದುಕಿದ್ದೇನೆ. ಗ್ಯಾರೇಜಿನಲ್ಲಿ ಸೊಂಟದವರೆಗೆ ನೀರು ಬಂದಿತ್ತು. ಯಂತ್ರಗಳು ಹೋದವು. ಒಂದೇ ಟೇಪ್ ರೆಕಾರ್ಡರನ್ನು ಮಹಡಿಗೆ ಹೊತ್ತಿದ್ದೆ, ಜೊತೆಗೆ ಸಂಡಿಗೆಯ ಡಿಹೈಡ್ರೇಟರು, ಅದರೊಳಗೆ ಒಂದು ಟೇಪು.

ಅದು ಹೇಗೆ ನನ್ನ ಹತ್ತಿರ ಬಂತು ಎಂದರೆ, ಕಾಸ್ ಬಾಶಿ ಮುಗಿಯಿತು. ಎರಡನೆಯ ಆಲ್ಬಮ್ಮನ್ನು ಅವರು ಹೊಸ ಟೇಪಿನ ಮೇಲೆ ಮಾಡಿದರು. ಹಾಡುಗಳು ಚೆನ್ನಾಗಿದ್ದವು. ಯಾರೂ ಕೊಳ್ಳಲಿಲ್ಲ. ಮನೆ ಈಗ ನಿಜವಾಗಿಯೂ ಖಾಲಿಯಾಯಿತು ಎಂದು ಯಾವುದೋ ಪತ್ರಿಕೆಯವನು ಬರೆದನಂತೆ. ಮತ್ತೆ ಸಣ್ಣ ಸಭಾಂಗಣ, ಮತ್ತೆ ವ್ಯಾನು. ಈ ಮೇ ತಿಂಗಳು ಹ್ಯೂಸ್ಟನ್ನಿನಲ್ಲಿ ಬಾರಿಸಿದ್ದೇ ಕೊನೆ. ನಾನಿದ್ದೆ. ನಾಲ್ಕನೆಯ ಹಾಡಿಗೆ ಮುಂಚೆ ಆ ಕೂಗು ಬಂದಾಗ ಮಿರ್ಲಾ ಡ್ರಮ್ಮಿನ ಹಿಂದೆ ಎದ್ದು ನಿಂತು, ಅವರ ಭಾಷೆಯಲ್ಲಿ ಗಟ್ಟಿಯಾಗಿ ಓಗೊಟ್ಟಳು. ಕೋಲುಗಳನ್ನು ಕೆಳಗಿಟ್ಟಳು. ಇಳಿದು ಹೋದಳು. ಮುಂದೆ ಬಾರಿಸಲಿಲ್ಲ. ಈಗ ಕ್ಯುರಸಾವಿನಲ್ಲಿ ಅಜ್ಜಿಯ ಮನೆಯಲ್ಲಿದ್ದಾಳೆ.

ಜುಲೈನಲ್ಲಿ ಅವಳಿಂದ ಒಂದು ಪಾರ್ಸಲ್ ಬಂತು. ಒಳಗೆ ಅವರು ಮೊದಲ ಆಲ್ಬಮ್ ಹಿಡಿದಿದ್ದ ಆ ಟೇಪು, ಒಂದು ಚೀಟಿ. "ಮಿಸ್ಟರ್ ಇರಾ, ಇದು ನಿಮ್ಮದು, ಅದು ನನಗೆ ಮೊದಲ ದಿನವೇ ಗೊತ್ತಿತ್ತು. ಅಜ್ಜಿ ಹೇಳಿದ್ದು ತಪ್ಪು ಎನ್ನುವುದಿಲ್ಲ. ಆದರೆ ಇಷ್ಟು ವರ್ಷ ಒಬ್ಬರು ಕರೆಯುತ್ತಿದ್ದರೆ, ಅದು ಯಾರೇ ಆಗಿರಲಿ, ಯಾರಾದರೂ ಓ ಎನ್ನಬೇಕಿತ್ತು."

ಈಗ ನೀನು ಕೇಳಿದ್ದನ್ನು ಹೇಳುತ್ತೇನೆ.

ಟೇಪು ಕಳೆದಿರಲಿಲ್ಲ. ನಾನೇ ಅಳಿಸಿದೆ. ನೀನು ಕೇಳುವುದಕ್ಕೆ ಎರಡು ದಿನ ಮೊದಲು.

ಅದಕ್ಕೂ ಹಿಂದಿನದನ್ನು ಬರೆಯಬೇಕು. ೨೦೧೧ರ ಆಗಸ್ಟ್ ಹದಿನಾಲ್ಕು, ಭಾನುವಾರ ಮಧ್ಯಾಹ್ನ. ಬೆಂಕಿಯಂಥ ಬಿಸಿಲು. ನಿಮ್ಮವ್ವ ಅಡಿಗೆಮನೆಯಲ್ಲಿ ತಟ್ಟೆಗಳಿಗೆ ಸಂಡಿಗೆ ಹಿಟ್ಟು ಬಿಡುತ್ತಿದ್ದಳು. ನಾನು ಗ್ಯಾರೇಜಿನಲ್ಲಿ ಒಂದು ಆಂಪ್ಲಿಫೈಯರಿಗೆ ಬೆಸುಗೆ ಹಾಕುತ್ತಿದ್ದೆ. "ಏನ್ರೀ" ಎಂದಳು. ಒಮ್ಮೆ.

ನಾನು ಓ ಎನ್ನಲಿಲ್ಲ. ಅರವತ್ತು ವರ್ಷದ ರೂಢಿ. ಹೆದರಿಕೆಯೆಂದಲ್ಲ, ನಂಬಿಕೆಯೂ ಎನ್ನಲಾರೆ, ಊಟಕ್ಕೆ ಮುಂಚೆ ಕೈ ತೊಳೆದ ಹಾಗೆ. ನಿಮ್ಮವ್ವ ಶಾಂತವ್ವನಿಗೂ ಅದು ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಚೇಷ್ಟೆ ಮಾಡುತ್ತಿದ್ದಳು: "ನಿಮ್ಮನ್ನ ಕರೀಬೇಕಂದ್ರ ಎರಡೆರಡು ಉಸಿರು ಬೇಕ್ರಿ." ಅದಕ್ಕೇ ಯಾವಾಗಲೂ ಎರಡು ಸಲ ಕರೆಯುತ್ತಿದ್ದಳು. ಎರಡನೆಯದಕ್ಕೆ ಕಾಯುತ್ತ ಬೆಸುಗೆ ಮುಂದುವರಿಸಿದೆ. ಎರಡನೆಯದು ಬರಲಿಲ್ಲ. ಏನೂ ಬೇಕಿರಲಿಕ್ಕಿಲ್ಲ ಎಂದುಕೊಂಡೆ. ಇಪ್ಪತ್ತು ನಿಮಿಷದ ಮೇಲೆ ನೀರು ಕುಡಿಯಲು ಒಳಗೆ ಹೋದೆ. ಒಲೆಯ ಹತ್ತಿರ ಬಿದ್ದಿದ್ದಳು. ಕೈಯಲ್ಲಿ ಚಮಚ ಹಾಗೇ ಇತ್ತು.

ಬೇಗ ಬಂದಿದ್ದರೆ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ. ಈ ಆರು ವರ್ಷದಲ್ಲಿ ಯಾರನ್ನೂ ಕೇಳಿಲ್ಲ. ನಿನಗೆ, ಕೂಗಲೇ ಇಲ್ಲ, ನಿಂತಲ್ಲೇ ಹೋದಳು ಎಂದು ಹೇಳಿದೆ.

ಹತ್ತನೆಯ ದಿನ ನಿನ್ನ ಟೇಪನ್ನು ತೆಗೆದು ಹಚ್ಚಿದೆ. ನಿನ್ನನ್ನು ತೂಗುತ್ತ ಹಾಡುತ್ತಾಳೆ, ಹಾಡು ನಿಲ್ಲುತ್ತದೆ, ಆಮೇಲೆ ಮಂದವಾಗಿ "ಏನ್ರೀ". ಅದು ನೆರಳು, ನಾನು ಹಿಂದಕ್ಕೆ ಸುತ್ತಿಟ್ಟಿದ್ದರ ಫಲ. ಒಂದೂವರೆ ಸೆಕೆಂಡಿನ ಮೇಲೆ ನಿಜವಾದ ದನಿ: "ಏನ್ರೀ, ಹಾಲು ಉಕ್ಕಾಕ ಹತ್ಯಾವ ನೋಡ್ರಿ!" ಕೇಳಿದೆಯಾ? ಟೇಪಿನಲ್ಲಿ ಎರಡನೇ ಕೂಗು ಬರುತ್ತದೆ. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಅಳಿಸುವ ಅಯಸ್ಕಾಂತ ತಂದು ಟೇಪಿನ ಮೇಲೆ ಮೂರು ಸಲ ತಿರುಗಿಸಿದೆ. ಅದನ್ನೇ ಆ ಡಬ್ಬಿಯಲ್ಲಿ ಹಾಕಿ ಆ ಹುಡುಗರಿಗೆ ಕೊಟ್ಟುಬಿಟ್ಟೆ.

ಮೂರು ಸಲದಲ್ಲಿ ನಿನ್ನ ಜೋಗುಳ ಹೋಯಿತು. ಎರಡನೇ ಕೂಗು ಹೋಯಿತು. ಮೊದಲನೆಯದು ಮಾತ್ರ ಹೋಗಲಿಲ್ಲ.

ಇದಕ್ಕೆ ಕ್ಷಮೆ ಎಂಬ ಪದ ಬರೆಯಲು ನನಗೆ ಎರಡು ಭಾಷೆಯಲ್ಲೂ ಧೈರ್ಯವಿಲ್ಲ.

ಇರಣ್ಣ


ಅರ್ವಿಂಗ್
೬ ಅಕ್ಟೋಬರ್ ೨೦೧೭

ಅಪ್ಪಾ,

ಥ್ಯಾಂಕ್ಸ್‌ಗಿವಿಂಗ್ ದಿನ ಮಧ್ಯಾಹ್ನ ಬರುತ್ತೇನೆ. ಯಂತ್ರ ಸಿದ್ಧ ಮಾಡಿಡಿ. ಅಡಿಗೆ ಏನೂ ಬೇಡ.

ಪ್ರಗತಿ


ಸೈಪ್ರೆಸ್
೨ ಡಿಸೆಂಬರ್ ೨೦೧೭

ಚಿ. ಪ್ರಗತಿಗೆ ಅಪ್ಪನ ಆಶೀರ್ವಾದ.

ಸುಖವಾಗಿ ಡಲ್ಲಾಸು ಮುಟ್ಟಿದ್ದೀಯೆಂದು ವಿಜಯಮ್ಮ ಹೇಳಿದರು. ಅಡಿಗೆ ಬೇಡ ಎಂದವಳು ಮೂರು ರೊಟ್ಟಿ ತಿಂದೆ, ಲೆಕ್ಕ ಇಟ್ಟಿಲ್ಲ, ಸಂತೋಷಕ್ಕೆ ಬರೆಯುತ್ತಿದ್ದೇನೆ.

ಆ ಮಧ್ಯಾಹ್ನ ನಡೆದದ್ದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಹೀಗಾಗಿ ಬರೆದಿಡುತ್ತಿದ್ದೇನೆ, ನನ್ನ ನೆನಪು ಸುಳ್ಳಾಗಿದ್ದರೆ ನೀನು ತಿದ್ದಬೇಕು.

ಟೇಪು ಹಚ್ಚಿದೆ. ನೀನು ನಿಮ್ಮವ್ವನ ಸ್ಟೂಲಿನ ಮೇಲೆ ಕೂತಿದ್ದೆ. ಮೂರನೆಯ ಹಾಡು ಮುಗಿಯಿತು. ಸರ್ ಎನ್ನುವ ಸದ್ದು. ಆಮೇಲೆ "ಏನ್ರೀ" ಎಂದಳು. ನಿನ್ನ ಬಾಯಿ ತೆರೆಯಿತು, ನೀನೇ ಓಗೊಡುತ್ತೀಯೆಂದುಕೊಂಡೆ. ಆದರೆ ನೀನು ನನ್ನ ಕಡೆ ತಿರುಗಿದೆ. ಬೈಯಲಿಲ್ಲ, ಸನ್ನೆ ಮಾಡಲಿಲ್ಲ. ನೀನು ಕಾದೆ.

"ಓ" ಎಂದೆ ನಾನು. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. "ಓ, ಬಂದೆ ಬಂದೆ."

ಡೋಲು ಶುರುವಾಗಬೇಕಿತ್ತು. ಆಗಲಿಲ್ಲ. ನಾಲ್ಕು ವರ್ಷದಿಂದ ಯಾವ ಸಭಾಂಗಣದಲ್ಲೂ ಬಾರದ್ದು ಬಂತು, ಮಂದವಾಗಿ ಅಲ್ಲ, ಇದೇ ಕೋಣೆಯ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದಂತೆ: "ಏನ್ರೀ, ಹಾಲು ಉಕ್ಕಾಕ ಹತ್ಯಾವ ನೋಡ್ರಿ!" ನೀನು ಎದ್ದು ಅಡಿಗೆಮನೆಗೆ ಓಡಿದೆ. ಒಲೆಯ ಮೇಲೆ ಏನೂ ಇರಲಿಲ್ಲ ಎಂದು ನನಗೆ ಗೊತ್ತು. ಆದರೂ ನೀನು ಬಹಳ ಹೊತ್ತು ಹೊರಗೆ ಬರಲಿಲ್ಲ, ಬಂದಾಗ ನಿನ್ನ ಕೈ ಒದ್ದೆಯಾಗಿತ್ತು.

"ಇನ್ನೊಮ್ಮೆ ಹಚ್ಚರಿ" ಎಂದೆ ನೀನು. ಹಿಂದಕ್ಕೆ ಸುತ್ತಿ ಹಚ್ಚಿದೆ. ಮೂರನೆಯ ಹಾಡು, ಸದ್ದು, ಡೋಲು. ನಡುವೆ ಏನೂ ಇಲ್ಲ. ಮೊದಲನೆಯದೂ ಇಲ್ಲ. ಹತ್ತು ಸಲ ಹಚ್ಚಿದೆವು. ನನ್ನ ಅಯಸ್ಕಾಂತ ತನ್ನ ಕೆಲಸವನ್ನು ಈಗ ಮುಗಿಸಿದಂತಿತ್ತು. ನೀನು ಕಾರಿನಲ್ಲಿ ಆಲ್ಬಮ್ ಹಾಕಿ ನೋಡಿದೆ. ಅಲ್ಲಿಯೂ ಇಲ್ಲ. ನಾನು ಎಲ್ವಿನ್‌ನನ್ನು ಕೇಳಿದೆ, ಅವನ ಹತ್ತಿರವೂ ಇಲ್ಲವಂತೆ. ಅಜ್ಜಿ ಹೋದಳು ಎಂದು ಅತ್ತ. ಅಳಲಿ ಎಂದು ಬಿಟ್ಟೆ. ಮಿರ್ಲಾಳಿಗೆ ಮಾತ್ರ ಒಂದು ಸಾಲು ಬರೆದಿದ್ದೇನೆ, ವಿ ಹ್ಯಾವ್ ರಿಪ್ಲೈಡ್ ಎಂದು.

ಟೇಪನ್ನು ಬಾಲ ಹೊರಗಿಟ್ಟು ಸುತ್ತಿ ನಿನಗೆ ಕಳಿಸುತ್ತಿದ್ದೇನೆ. ನಿಮ್ಮವ್ವ ಅದರಲ್ಲಿಲ್ಲ, ಆದರೂ ನಿನ್ನದು.

ಈಗ ಯಾರು ಕರೆದರೂ ಮೊದಲನೆಯದಕ್ಕೇ ಓ ಎನ್ನುತ್ತೇನೆ. ಅಂಚೆಯವನು ನಗುತ್ತಾನೆ. ಫೋನನ್ನೂ ಮೊದಲನೇ ರಿಂಗಿಗೇ ಎತ್ತುತ್ತೇನೆ, ಮಾಡಿ ನೋಡು.

ನಿನ್ನೆ ಮಧ್ಯಾಹ್ನ ಒಮ್ಮೆ ಬಂದಿತ್ತು. ಎತ್ತಿದೆ. ಆ ಕಡೆ ಮಾತಿಲ್ಲ, ಸರ್ ಎನ್ನುವ ಸದ್ದು ಮಾತ್ರ, ದೂರದಲ್ಲಿ ಯಾರೋ ಪಾತ್ರೆ ಇಳಿಸಿದಂತೆ. ಅದು ಕಟ್ ಆಗುವವರೆಗೂ ಓ ಎನ್ನುತ್ತಲೇ ಇದ್ದೆ. ನೀನೇ ಮಾಡಿರಬೇಕು. ನೀನಲ್ಲದಿದ್ದರೆ, ಅದೊಂದನ್ನು ಮಾತ್ರ ನನಗೆ ಬರೆಯಬೇಡ.

ನಿನ್ನ ಅಪ್ಪ,
ಇರಣ್ಣ